ಮುಯ್ಯಾಳಿನ ರೊಟ್ಟಿ

ಬಂಕಾಪುರದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ನಮಗೆ ಒಂದೂವರೆ ಎಕರೆ ಇತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಪರಿಹಾರ ಬಂದದ್ದರಲ್ಲಿ ಹಾನಗಲ್ ತಾಲೂಕಿನಲ್ಲಿ, ಆಡೂರಿನ ಆಚೆ, ಎರಡು ಎಕರೆ ಹಿಡಿದೆವು. ಮಾರಿದವರು ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡವರು. ಯಾರು ಕೊಂಡರೂ ಅವರಿಗೆ ಒಂದೇ. ಊರಿಗೆ ಒಂದೇ ಆಗಿರಲಿಲ್ಲ. ನಾವು ಕೇರಿಯವರು. ಆ ಸಾಲಿನಲ್ಲಿ ಅದುವರೆಗೆ ಕೇರಿಯವರ ಹೊಲ ಇರಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ. ಮಾತಿಗೂ ಬರಲಿಲ್ಲ.

ಹೊಲದಲ್ಲೇ ತಗಡು ಹೊದಿಸಿ ಒಂದು ಖೋಲಿ ಮಾಡಿಕೊಂಡೆವು. ಐದನೆಯ ತಿಂಗಳಿಗೆ ಗಂಡ ಸತ್ತ. ಬೆಳಿಗ್ಗೆ ಚಹಾ ಕುಡಿದ, ಎದೆ ಹಿಡಿದುಕೊಂಡ, ಹಾನಗಲ್ಲಿನ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಮಗಳು ಅತ್ತಳು, ಅದು ನೆನಪಿದೆ. ಹದಿಮೂರನೆಯ ದಿನಕ್ಕೆ ಮಳೆ ಬಿತ್ತು. ಹದ ಆಯಿತು. ಬಾಡಿಗೆಯ ಎತ್ತು ಹೂಡಿಸಿ ಗೋವಿನಜೋಳ ಬಿತ್ತಿಸಿದೆ, ನಡುವೆ ತೊಗರಿ ಮತ್ತು ಹೆಸರು ಅಕ್ಕಡಿ ಹಾಕಿಸಿದೆ. ಬಿತ್ತುವ ದಿನ ಬಂದರೆ ಬಿತ್ತಬೇಕು, ಅಷ್ಟೇ.

ಮಗಳನ್ನು ಸವಣೂರಿಗೆ ಕೊಟ್ಟಿದ್ದೇವೆ. ಆಕೆ ಹೋಗುವಾಗ ಹೇಳಿದಳು, “ಲಾವಣಿಗೆ ಕೊಟ್ಟು ಬಂದು ನನ್ ಕೂಡ ಇರ ಬೇ. ಒಬ್ಬಾಕಿ ಏನ್ ಮಾಡ್ತಿ?”

“ಈ ಒಂದ್ ಬೆಳಿ ನೋಡ್ತೇನಿ,” ಅಂದೆ.

ಪಡುವಲ ಹೊಲದ ಯಜಮಾನ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಳ್ಳಲು ಮೊದಲೇ ಬಂದು ಕೇಳಿದ್ದ. ಅವನಿಗೆ ಎಂಟು ಎಕರೆ ಇದೆ, ನಮ್ಮದಕ್ಕೆ ಹತ್ತಿಕೊಂಡೇ ಇದೆ. ಒಮ್ಮೆ ಅವನ ಟ್ರ್ಯಾಕ್ಟರ್ ನಡುವಿನ ಬದು ತುಳಿದು ಎರಡು ಹೊಲ ಒಂದಾದರೆ, ನನ್ನದು ಎಲ್ಲಿಂದ ಎಲ್ಲಿಯ ತನಕ ಎಂದು ಒಬ್ಬ ಮುದುಕಿ ಹೋಗಿ ತೋರಿಸುವುದು ಆಗದ ಮಾತು. ಇದನ್ನು ಮಗಳಿಗೆ ಬಿಡಿಸಿ ಹೇಳಲಿಲ್ಲ. ಹೊಲ ನನ್ನ ಕೈಯಲ್ಲಿ ಉಳಿಯಬೇಕಾದರೆ ಅದನ್ನು ನಾನೇ ಮಾಡಬೇಕು, ಇಷ್ಟು ನನಗೆ ಗೊತ್ತಿತ್ತು.

ಬಿತ್ತುವುದು ಎತ್ತಿನ ಕೆಲಸ, ಅದಕ್ಕೆ ಬಾಡಿಗೆ ಕೊಟ್ಟರೆ ಆಗುತ್ತದೆ. ಕಳೆ ತೆಗೆಯುವುದು ಹಾಗಲ್ಲ. ಔಷಧಿ ಹೊಡೆದರೆ ಕಳೆಯ ಜೊತೆ ತೊಗರಿ, ಹೆಸರೂ ಸಾಯುತ್ತವೆ. ಕೂಲಿಗೆ ಆಳು ಸಿಗುವುದಿಲ್ಲ. ಹಿರೇಕೆರೂರು ಕಡೆಯ ಬೀಜದ ಪ್ಲಾಟುಗಳಿಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಟೆಂಪೊ ಬೆಳಗಾಗುವುದರೊಳಗೆ ಬಂದು ಕ್ರಾಸಿನಲ್ಲಿ ನಿಲ್ಲುತ್ತದೆ. ಉಳಿದವರೆಂದರೆ ಎರಡು ಎಕರೆ, ಮೂರು ಎಕರೆಯ ಮನೆಗಳ ಹೆಂಗಸರು. ಅವರು ಮುಯ್ಯಾಳು ಮಾಡುತ್ತಾರೆ. ಇವತ್ತು ಎಲ್ಲರೂ ಕೂಡಿ ಒಬ್ಬಳ ಹೊಲದಲ್ಲಿ ಕಳೆ ತೆಗೆಯುತ್ತಾರೆ, ನಾಳೆ ಇನ್ನೊಬ್ಬಳದರಲ್ಲಿ. ಕೂಲಿ ಇಲ್ಲ. ಯಾರ ಹೊಲವೋ ಮಧ್ಯಾಹ್ನದ ಊಟ ಅವರದು.

ನಮ್ಮ ಹೆದ್ದಾರಿ ಕಡೆ ಇದು ಸತ್ತು ಬಹಳ ವರ್ಷವಾಗಿತ್ತು. ನನ್ನ ತವರಿನಲ್ಲಿ ಇತ್ತು, ಆದರೆ ಕೇರಿಯವರದು ಕೇರಿಯವರ ಜೊತೆ.

ಇಲ್ಲಿ ಆ ಸುತ್ತಿನಲ್ಲಿ ನಾಲ್ವರು ಇದ್ದರು. ನನ್ನ ಮೂಡಲ ಹೊಲದಾಕೆ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ದನಿ ಮಾತ್ರ ದೊಡ್ಡದು. ಅವಳ ಆಚೆ, ದೊಡ್ಡ ಹುಣಸೆಮರ ಇರುವ ಹೊಲದಾಕೆ. ಕೆಳಗಿನ ಹೊಲದ ಇಬ್ಬರು ನೆಗೆಣ್ಣಿಯರು, ಒಂದೇ ಮನೆಯ ಸೊಸೆಯಂದಿರು. ನಾಲ್ವರೂ ಲಿಂಗ ಕಟ್ಟಿದವರು.

ಕರೆಯಲಿ ಎಂದು ಎಂಟು ದಿನ ಕಾದೆ. ಕರೆಯಲಿಲ್ಲ. ಒಂಬತ್ತನೆಯ ದಿನ ಕಳೆ ಕೀಳುವ ಕುರ್ಪಿ ತೆಗೆದುಕೊಂಡು ಮೂಡಲ ಹೊಲಕ್ಕೆ ನಾನೇ ಹೋಗಿ ಬದುವಿನ ಮೇಲೆ ನಿಂತೆ. ನಾಲ್ವರೂ ತಲೆ ಎತ್ತಿದರು.

“ಯಾರ್ ಕರದಾರ ಬೇ ನಿನ್ನ?” ಮೂಡಲ ಹೊಲದಾಕೆ ಕೇಳಿದಳು.

“ಯಾರೂ ಕರದಿಲ್ಲರಿ. ಕೈ ಖಾಲಿ ಇದ್ವು, ಬಂದೇನಿ.”

ನನ್ನ ಕೈಯಲ್ಲಿದ್ದ ಕುರ್ಪಿ ನೋಡಿದಳು, ನನ್ನ ನೋಡಿದಳು. “ಬಂದೀ ಅಂದ್ರ ಆ ಕಡೀ ಸಾಲ್ ಹಿಡಿ.”

ಹಿಡಿದೆ. ಮಧ್ಯಾಹ್ನ ಅವರು ಬೇವಿನ ನೆರಳಿಗೆ ಹೋದರು. ಮೂಡಲ ಹೊಲದಾಕೆ ಬುಟ್ಟಿ ಬಿಚ್ಚಿದಳು. ನಾನು ಕೈ ಜಾಡಿಸಿಕೊಂಡು ಬದು ದಾಟಿ ನನ್ನ ಹೊಲದ ಕಡೆ ಬಂದು ಕೂತು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ರೊಟ್ಟಿ ತಿಂದೆ. ಅವರ ಕಡೆ ಬೆನ್ನು ಮಾಡಿಯೇ ಕೂತೆ. ಅವರು ಉಣ್ಣುವುದನ್ನು ನಾನು ನೋಡುತ್ತಿದ್ದೇನೆ ಅಂದುಕೊಳ್ಳಬಾರದಲ್ಲ. ಸಣ್ಣವಳಿದ್ದಾಗಿನಿಂದ ಹಾಗೇ ಮಾಡಿದವಳು. ಯಾರೂ ಅಲ್ಲಿ ಕೂರು ಅನ್ನುವ ಮೊದಲೇ ಅಲ್ಲಿ ಹೋಗಿ ಕೂತುಬಿಟ್ಟರೆ ಯಾರಿಗೂ ಬಾಯಿ ಬಿಡುವ ತೊಂದರೆ ಇಲ್ಲ. ಮರುದಿನ ನೆಗೆಣ್ಣಿಯರ ಹೊಲಕ್ಕೆ ಹೋದೆ. ಮೂರನೆಯ ದಿನ ಹುಣಸೆಮರದ ಹೊಲಕ್ಕೆ. ಎರಡೂ ಕಡೆ ಹಾಗೇ ಬೇರೆ ಕೂತು ತಿಂದೆ.

ನಾಲ್ಕನೆಯ ದಿನ ನನ್ನ ಹೊಲಕ್ಕೆ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಐದನೆಯ ದಿನವೂ ಇಲ್ಲ. ಒಬ್ಬಳೇ ಬಗ್ಗಿ ತೆಗೆಯತೊಡಗಿದೆ. ಈ ತುದಿ ಹಸನಾಗುವುದರೊಳಗೆ ಆ ತುದಿ ಹಸಿರಾಗುತ್ತಿತ್ತು.

ಪಡುವಲ ಹೊಲದ ಯಜಮಾನ ಬದುವಿಗೆ ಬಂದು ನಿಂತ. “ಏನ್ ಮುದುಕಿ, ಹೊಲ ಕಾಣವಲ್ದು, ಬರೇ ಕಸಾನ ಕಾಣಾಕತ್ತೈತಿ.”

“ಕಸದ ಕೆಳಗ ಹೊಲ ಐತ್ರಿ.”

“ಇರಲಿ ತಗೋ. ನನ್ ಟ್ರ್ಯಾಕ್ಟರ್ ಖಾಲಿ ನಿಂತೈತಿ. ಈಗರ ಲಾವಣಿಗೆ ಹಾಕು. ವಯಸ್ಸಾದಾಕಿ, ಮಗಳ ಮನ್ಯಾಗ ಆರಾಮ್ ಇರು.” ಅವನ ಮಾತು ಮೆತ್ತಗಿತ್ತು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

“ಅಮಾಸಿ ತನಕ ತಡೀರಿ,” ಅಂದೆ. ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು. ಅಷ್ಟರಲ್ಲಿ ಕಳೆ ಹೋಗದಿದ್ದರೆ ಬೆಳೆ ಮೇಲೇಳುವುದಿಲ್ಲ, ನಾನು ಹಟ ಮಾಡಿ ಪ್ರಯೋಜನ ಇಲ್ಲ.

ಎರಡು ದಿನ ಬಿಟ್ಟು ಸಂಜೆ ಮೂಡಲ ಹೊಲದಾಕೆ ಹುಲ್ಲಿನ ಹೊರೆ ಹೊತ್ತುಕೊಂಡು ಹೋಗುತ್ತಿದ್ದಳು. ನನ್ನ ಬದುವಿನ ಹತ್ತಿರ ಬಂದು ಹೊರೆ ಕೆಡವಿದಳು. ಬಂದವಳೇ ಬೈಯಲು ಹತ್ತಿದಳು.

“ನಮ್ಮ ರೊಟ್ಟಿ ನಿನ್ನ ಗಂಟಲಾಗ ಇಳಿಯಂಗಿಲ್ಲೇನ್ ಬೇ?”

“ನಾ ಎಲ್ಲಿ ಹಂಗ ಅಂದೇನ್ರಿ?”

“ಅನ್ನಾಕ ಬೇಕೇನು? ಮೂರ್ ದಿನ ನಾವ್ ಇಲ್ಲಿ ಉಣ್ಣಾಕ ಕುಂತ್ರ ನೀ ಅಲ್ಲಿ ಬೆನ್ ಮಾಡ್ಕೊಂಡ್ ಕುಂತಿ. ಉಣ್ಣದ ಆಳು ಮುಯ್ಯಾಳು ಹ್ಯಾಂಗ ಆಕ್ಕೈತಿ? ಬಿಟ್ಟಿ ಮಾಡಿ ಹೋದಂಗ ಹೋದಿ. ಹೊಲ ಹಿಡದಾಕಿ, ಸೊಕ್ಕು ಐತಿ ಅಂದ್ಕೊಂಡ್ವಿ.”

“ನೀವು ಊಟಕ್ಕ ಕರೀಲಿಲ್ಲಲ್ರಿ.”

“ಕೆಲಸಕ್ಕ ಕರದಿದ್ವೇನು? ಕೆಲಸಕ್ಕ ಕರೀದ ಬರ್ತೀ, ಉಣ್ಣಾಕ ಮಾತ್ರ ನಿನ್ನ ಕರೀಬೇಕು. ಚಲೋ ಐತಿ ನ್ಯಾಯ!”

“ನಾ ಬಂದ್ ಕುಂತು, ನೀವು ಎದ್ದು ಹೋಗಿದ್ರ?”

ಅವಳು ಹುಲ್ಲಿನ ಹೊರೆಯಿಂದ ಒಂದು ಕಡ್ಡಿ ಹಿರಿದು ಹಲ್ಲಿಗೆ ಚುಚ್ಚಿಕೊಂಡಳು. “ಅದೂ ಖರೇನ,” ಅಂದಳು. “ನಾ ಅಂತೂ ಏಳ್ತಿದ್ದಿಲ್ಲ. ಉಳದವರದು ನನಗ ಗೊತ್ತಿಲ್ಲ.”

“ನಿಮ್ದು ನಾ ಉಣ್ಣೂದು ದೊಡ್ಡದಲ್ರಿ. ನನ್ ಹೊಲಕ್ಕ ಬಂದ್ರ ನಂದು ನೀವು ಉಣ್ಣಬೇಕಾಕ್ಕೈತಿ. ಉಣ್ತೀರೇನು?”

ಇದನ್ನು ತಪ್ಪಿಸಲಿಕ್ಕೇ ನಾನು ಬೇರೆ ಕೂತದ್ದು. ನಾನು ಅವರದು ಉಣ್ಣದಿದ್ದರೆ ಅವರಿಗೆ ನನ್ನದು ಉಣ್ಣಬೇಕೆಂಬ ಕಟ್ಟಿಲ್ಲ, ಬಂದು ಕೆಲಸ ಮಾಡಿ ಹೋಗಬಹುದು ಎಂದು ಲೆಕ್ಕ ಹಾಕಿದ್ದೆ. ಇಲ್ಲಿಯ ಪದ್ಧತಿ ತಿಳಿಯದೆ ಹಾಕಿದ ಲೆಕ್ಕ.

“ಏನ್ ಮಾಡ್ತಿ?” ಅಂತ ಕೇಳಿದಳು.

“ರೊಟ್ಟಿ, ಹೆಸರುಕಾಳ್ ಪಲ್ಯೆ, ಶೇಂಗಾ ಚಟ್ನಿ.”

“ಬಾಡು ಗೀಡು ಮಾಡಿ ಇಟ್ಟಿ ಮತ್ತ.”

“ಕಳೀ ತಗಿಯವ್ರಿಗೆ ಯಾರ್ ಬಾಡು ಮಾಡ್ತಾರ್ರಿ? ಅದರ ರೇಟ್ ಗೊತ್ತೈತೇನು?”

ನಕ್ಕಳು. ಹಲ್ಲಿನ ಕಡ್ಡಿ ಉಗುಳಿದಳು. “ಸೋಮಾರ ಬರ್ತೇವಿ. ಪ್ರೀತಿ ಬಂದು ಬರಾಕತ್ತೇವಿ ಅಂತ ತಿಳೀಬ್ಯಾಡ. ನಿನ್ ಕೈ ಚುರುಕೈತಿ. ನನಗ ಎರಡನೇ ಕಳೀಗೆ ನೀ ಬೇಕು. ಹೊರಿ ಎತ್ತು.”

ಹೊರೆ ಎತ್ತಿ ತಲೆಯ ಮೇಲಿಟ್ಟೆ. ಹೋದಳು.

ಸೋಮವಾರ ಬಸವಣ್ಣನ ದಿನ, ಈ ಕಡೆ ಎತ್ತು ಹೂಡುವುದಿಲ್ಲ. ಹೆಂಗಸರು ಎತ್ತಲ್ಲ, ಅವರಿಗೆ ರಜೆ ಇಲ್ಲ. ನಾಲ್ವರೂ ಬಂದರು. ಪಡುವಲ ಹೊಲದ ಯಜಮಾನ ಹುಣಸೆಮರದಾಕೆಗೆ ಅಲ್ಲಿ ಯಾಕೆ ಹೋಗುತ್ತೀ ಅಂದಿದ್ದನಂತೆ. ಆಕೆಗೂ ಎರಡನೆಯ ಕಳೆ ಬಾಕಿ ಇತ್ತು, ಬಂದಳು. ಕುಡಿಯುವ ನೀರು ಮಾತ್ರ ಎಲ್ಲರೂ ತಮ್ಮ ತಮ್ಮ ಬಾಟಲಿಯಲ್ಲಿ ತಂದಿದ್ದರು. ಅದನ್ನು ನಾನು ನೋಡಿದೆ. ನೋಡಿ ನನ್ನ ಸಾಲಿಗೆ ಬಗ್ಗಿದೆ.

ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿದ್ದೆ. ಮಧ್ಯಾಹ್ನ ಖೋಲಿಯ ಮುಂದಿನ ನೆರಳಿನಲ್ಲಿ ಚೀಲ ಹಾಸಿ ಬುಟ್ಟಿ ತಂದು ಇಟ್ಟೆ. ಯಾರಿಗೂ ಕೂಡ್ರಿ ಅನ್ನಲಿಲ್ಲ. ಅನ್ನಬೇಕೆಂದು ಗೊತ್ತಿತ್ತು, ಬಾಯಿ ಬರಲಿಲ್ಲ. ಐದು ಹೆಂಗಸರು ಬುಟ್ಟಿಯ ಸುತ್ತ ನಿಂತೇ ಇದ್ದೆವು. ಆಮೇಲೆ ಮೂಡಲ ಹೊಲದಾಕೆ ಕೂತಳು.

“ಏನ್ ನೋಡ್ತೀ, ನೀಡ್ ಬೇ. ಹೊಟ್ಟಿ ಹಸದು ಬೆನ್ನಿಗೆ ಹತ್ತೈತಿ.”

ನೀಡಿದೆ. ಮುರಿದಳು, ಪಲ್ಯಕ್ಕೆ ಹಚ್ಚಿದಳು, ಬಾಯಿಗೆ ಹಾಕಿದಳು. ನಾವೆಲ್ಲ ಅವಳ ಬಾಯಿ ನೋಡುತ್ತಿದ್ದೆವು. “ಏನ್ ನಾಟಕ ನಡದೈತೇನು? ಕುಂದರ್ರಿ,” ಅಂದಳು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ಕಿರಿಯ ನೆಗೆಣ್ಣಿ ಹಿರಿಯವಳ ಕಡೆ ನೋಡಿದಳು. “ಯಕ್ಕಾ, ಅತ್ತಿ ಕೇಳಿದ್ರ ಏನ್ ಹೇಳೂದು?”

“ಅತ್ತಿ ಬಂದು ಕಳೀ ತಗೀತಾಳೇನು? ಕುಂದ್ರ.” ಇಬ್ಬರೂ ಕೂತರು.

ಹುಣಸೆಮರದಾಕೆ ಕೂರಲಿಲ್ಲ. “ನಂದು ಸೋಮಾರ,” ಅಂದಳು. “ಒಪ್ಪತ್ತು ಹಿಡದೇನಿ.”

“ಹೋದ್ ಸೋಮಾರ ನನ್ ಹೊಲದಾಗ ನಾಕ್ ರೊಟ್ಟಿ ತಿಂದಾಕಿ ಯಾರ್ ಹಂಗಾರ? ನಿನ್ ತಂಗೀನೇನು?” ಮೂಡಲ ಹೊಲದಾಕೆ ಬಿಡಲಿಲ್ಲ.

“ಈ ಸೋಮಾರದಿಂದ ಹಿಡದೇನಿ,” ಅಂದವಳೇ ಕುರ್ಪಿ ತೆಗೆದುಕೊಂಡು ಬಿಸಿಲಿಗೆ ಹೋದಳು. ನಾವು ಉಂಡು ಏಳುವುದರೊಳಗೆ ಅರ್ಧ ಸಾಲು ಮುಗಿಸಿದ್ದಳು.

ನನಗೆ ಆಗ ಏನನ್ನಿಸಿತು ಎಂದು ಮಗಳು ಆಮೇಲೆ ಕೇಳಿದಳು. ಏನೂ ಅನ್ನಿಸಲಿಲ್ಲ. ಮೂವರು ಉಂಡದ್ದಕ್ಕೆ ಖುಷಿಯೂ ಆಗಲಿಲ್ಲ, ಒಬ್ಬಳು ಉಣ್ಣದ್ದಕ್ಕೆ ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಹೇಗೋ ಹಾಗೆ ಇತ್ತು. ಗಂಡ ಹೋದ ದಿನದಿಂದಲೋ, ಅದಕ್ಕಿಂತ ಮೊದಲಿನಿಂದಲೋ ಹಾಗೇ ಇದ್ದೆ. ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೊಲ ಹಸನಾಗಿತ್ತು, ಅದನ್ನು ನೋಡಿದೆ.

ಉಳಿದದ್ದಕ್ಕೆ ಗುರುವಾರ ಬಂದರು. ಹುಣಸೆಮರದಾಕೆಗೆ ಅವತ್ತು ಮಠದ ಅಜ್ಜನವರ ವಾರ ಇತ್ತು. ಮುಗಿಸಿಕೊಟ್ಟು ಹೋದಳು, ಒಂದು ಚೂರು ಬಾಯಿಗೆ ಹಾಕಲಿಲ್ಲ.

ಅಮಾವಾಸ್ಯೆಯ ಮರುದಿನ ಪಡುವಲ ಹೊಲದ ಯಜಮಾನ ಬಂದ. ಹೊಲ ನೋಡಿದ. “ಯಾರ್ ತಗದ್ರು?”

“ಹೆಣ್ಮಕ್ಕಳು.”

“ಇದೊಂದ್ ವರ್ಷ ಬಂದಾರ. ಮುಂದ?”

“ಮುಂದಿಂದು ಮುಂದ್ರಿ,” ಅಂದೆ. ಅವನ ಮಾತು ಮಾತ್ರ ಸುಳ್ಳಾಗಿರಲಿಲ್ಲ. ಎರಡನೆಯ ಕಳೆಯ ಸುತ್ತು ಮುಂದೆ ನಿಂತಿತ್ತು. ಅದರಲ್ಲಿ ಹುಣಸೆಮರದಾಕೆಯ ಪಾಳಿ ಬಂದಾಗ ಮೂಡಲ ಹೊಲದಾಕೆ ನನ್ನನ್ನು ತಡೆದಳು.

“ಆಕಿ ನಿನ್ ರೊಟ್ಟಿ ಮುಟ್ಟಿಲ್ಲ. ಉಣ್ಣದ ಆಳು ಮುಯ್ಯಾಳಲ್ಲ. ನೀ ಆಕೀ ಹೊಲಕ್ಕ ಹೋಗೂದ್ ಬ್ಯಾಡ.”

“ಹೋಗ್ತೇನ್ರಿ.”

“ಮಾನ ಮರ್ಯಾದಿ ಐತಿಲ್ಲ ನಿನಗ?”

“ಕಳೀ ತಗಿಯಾಕ ಮಾನ ಏನ್ ಮಾಡೂದ್ರಿ?”

ನಾನು ಯೋಚನೆ ಮಾಡಿಯೇ ಹೇಳಿದ್ದೆ. ನಾನು ಹೋಗದಿದ್ದರೆ ಆಕೆ ಬಿಟ್ಟುಹೋಗುತ್ತಾಳೆ. ನಾಲ್ಕೇ ಜನ ಉಳಿದರೆ ಒಂದೊಂದು ಹೊಲಕ್ಕೂ ಹೆಚ್ಚು ದಿನ ಹಿಡಿಯುತ್ತದೆ, ಹದ ಇರುವಷ್ಟರಲ್ಲಿ ಎಲ್ಲ ಮುಗಿಯುವುದಿಲ್ಲ. ಎಲ್ಲರಿಗಿಂತ ಕೊನೆಗೆ ಬಂದವಳು ನಾನು, ಮುಗಿಯದೆ ಉಳಿಯುವುದು ನನ್ನ ಹೊಲ. ಹೋದೆ. ಹೋಗಿ, ಮಧ್ಯಾಹ್ನ ಎಲ್ಲರ ಜೊತೆ ಸಾಲಿನಲ್ಲೇ ಕೂತೆ. ಉಳಿದವರಿಗೆ ಸ್ಟೀಲಿನ ತಾಟು ಇಟ್ಟಿದ್ದಳು. ನನಗೆ ಕಾಗದದ ತಾಟು. ಮೂರು ರೊಟ್ಟಿ ತಿಂದೆ. ಆಕೆಯ ಬದನೆಕಾಯಿ ಎಣ್ಣೆಗಾಯಿ ರುಚಿ ಇತ್ತು, ಆಕೆಗೆ ಅದನ್ನು ಹೇಳಲಿಲ್ಲ.

ಮುಂದಿನ ವರ್ಷ ಅಲ್ಲಿ ಎಲ್ಲರಿಗೂ ಕಾಗದದ ತಾಟು ಬಂದವು. ಆಕೆಯ ಮನಸ್ಸು ತಿರುಗಿತು ಎಂದು ತಿಳಿಯಬೇಡಿ. ತಿಕ್ಕುವ ಕೆಲಸ ತಪ್ಪಿಸಿಕೊಂಡಳು.

ನಾನು ನನ್ನ ಪಾಳಿಯನ್ನು ಬೇರೆ ಬೇರೆ ವಾರಕ್ಕೆ ಹಾಕಿಸಿಕೊಂಡು ನೋಡಿದೆ. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಫೋಟೊ ಒಂದೇ, ಗಂಡ ಹಾಕಿದ್ದು. ಅವನು ವಾರ, ಉಪವಾಸ ಎಲ್ಲ ಬಿಡಿಸಿದ್ದರಿಂದ ನನಗೆ ಎಲ್ಲ ದಿನವೂ ಒಂದೇ. ಆಕೆಗೆ ಹಾಗಿರಲಿಲ್ಲ. ಮಂಗಳವಾರ ಇಟ್ಟರೆ ಎಲ್ಲಮ್ಮನ ವಾರ. ಶುಕ್ರವಾರ ಲಕ್ಷ್ಮಿ. ಶನಿವಾರ ಹನುಮಪ್ಪ. ಬುಧವಾರ ಸಿಕ್ಕೇಬಿಟ್ಟಿತು ಅಂದುಕೊಂಡೆ. ಆಕೆಯ ಮಾವ ಸತ್ತದ್ದು ಬುಧವಾರವಂತೆ. ಐತವಾರಕ್ಕೆ ದೇವರೂ ಇಲ್ಲ, ಸತ್ತವರೂ ಇಲ್ಲ. ಅವತ್ತು ಹೊಟ್ಟೆನೋವು ಬಂತು.

“ಇನ್ನ ನೀನ ಒಂದ್ ಹೊಸಾ ವಾರ ಹುಟ್ಟಿಸ್ಬೇಕು ನೋಡ್ ಬೇ,” ಎಂದು ಮೂಡಲ ಹೊಲದಾಕೆ ನನಗೆ ಹೇಳಿ ಬಿದ್ದು ಬಿದ್ದು ನಕ್ಕಳು. ನೆಗೆಣ್ಣಿಯರೂ ನಕ್ಕರು. ಹುಣಸೆಮರದಾಕೆ ಹೊಟ್ಟೆ ಹಿಡಿದುಕೊಂಡು ಕಳೆ ತೆಗೆಯುತ್ತಲೇ ಇದ್ದಳು. ಅಂದಿನಿಂದ ನಾನು ವಾರ ನೋಡುವುದು ಬಿಟ್ಟೆ.

ಒಂದು ಮಾತು ಹೇಳಬೇಕು. ಇಷ್ಟು ವರ್ಷಗಳಲ್ಲಿ ಆಕೆ ನನ್ನ ಹೊಲದ ಒಂದು ಪಾಳಿಯನ್ನೂ ತಪ್ಪಿಸಿಲ್ಲ. ಜ್ವರ ಬಂದಾಗ ಮಗಳನ್ನು ಕಳಿಸಿದಳು. ಆ ಹುಡುಗಿ ಕೂತು ಉಂಡಳು. ಮನೆಯಲ್ಲಿ ಹೇಳಿದಳೋ ಇಲ್ಲವೋ, ನಾನು ಕೇಳಲಿಲ್ಲ.

ಮೂಡಲ ಹೊಲದಾಕೆಯ ಜೊತೆ ನನ್ನದು ಬೇರೆ ತರಹ. ಆಕೆಯ ಎಮ್ಮೆ ಈದರೆ ನನಗೆ ಗಿಣ್ಣದ ಹಾಲು ಬರುತ್ತದೆ. ನನ್ನ ತೊಗರಿ ಆಕೆಯ ಬೀಜಕ್ಕೆ ಹೋಗುತ್ತದೆ. ಒಂದು ಚಳಿಗಾಲದಲ್ಲಿ ನನಗೆ ಚಿಕೂನ್‌ಗುನ್ಯ ಬಂದು ಹಾಸಿಗೆ ಹಿಡಿದಾಗ ಎಂಟು ದಿನ ಗಂಜಿ ತಂದಿಟ್ಟಳು. ತಂದಿಟ್ಟು, “ಸಾಯೂದಿದ್ರ ಸುಗ್ಗಿ ಮುಗಸಿ ಸಾಯಿ, ಈಗ ಆಳ್ ಸಿಗಂಗಿಲ್ಲ,” ಅಂದಳು. ಸಂಜೆ ಬದುವಿನ ಮೇಲೆ ಕೂತು ಮೊಣಕಾಲಿನ ಮಾತಾಡುತ್ತೇವೆ. ಅವಳಿಗೆ ಎಡಗಾಲು, ನನಗೆ ಎರಡೂ. ಅವಳ ಮನೆಗೆ ಹೋದರೆ ಕಟ್ಟೆಯ ಮೇಲೆ ಕೂರುತ್ತೇನೆ. ಒಳಗೆ ಬಾ ಎಂದು ಆಕೆ ಅಂದಿಲ್ಲ, ನಾನೂ ಹೋಗಿಲ್ಲ. ಈಗಲೂ ನಾನು ಆಕೆಗೆ ರೀ ಅನ್ನುತ್ತೇನೆ, ಆಕೆ ನನಗೆ ಬೇ ಅನ್ನುತ್ತಾಳೆ. ಇದಕ್ಕೆ ಗೆಳೆತನ ಅನ್ನಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆಕೆ ಬರಲಿಲ್ಲ ಅಂದರೆ ಆ ದಿನ ಸಾಲು ಉದ್ದ ಅನ್ನಿಸುತ್ತದೆ.

ಈ ವರ್ಷವೂ ಮಗಳು ಫೋನ್ ಮಾಡಿದ್ದಳು. “ಈ ವರ್ಷರ ಲಾವಣಿಗೆ ಕೊಡ ಬೇ. ಕೇಳಾಕತ್ತಾರಂತ ಮತ್ತ.”

“ಕೇಳವ್ರು ಕೇಳ್ಲಿ. ನಾಳೆ ಹುಣಸಿಮರದ ಹೊಲ, ನಾಡದು ನಮ್ದು. ನನಗ ಪುರಸೊತ್ತಿಲ್ಲ,” ಅಂದೆ.

ಮರುದಿನ ಐವರೂ ಹುಣಸೆಮರದ ಹೊಲದಲ್ಲಿ ಬಗ್ಗಿದೆವು. ಮಳೆ ಬಂದು ನಿಂತಿತ್ತು, ಕಳೆ ಬೇರು ಸಮೇತ ಬರುತ್ತಿತ್ತು. ಮಧ್ಯಾಹ್ನ ಸಾಲಿನಲ್ಲಿ ಕೂತೆವು. ಹುಣಸೆಮರದಾಕೆ ಬುಟ್ಟಿ ಹಿಡಿದು ನೀಡುತ್ತ ಬಂದಳು. ನಾನು ನಾಲ್ಕು ತಿಂದೆ. ನನಗೆ ನಾಚಿಕೆ ಇಲ್ಲ, ಅವಳ ಮನೆಯದನ್ನು ಹೊಟ್ಟೆ ತುಂಬ ತಿನ್ನುತ್ತೇನೆ. ಆಕೆ ನನ್ನ ಮುಂದೆ ಬಂದು ನಿಂತಳು, ಮುಖ ನೋಡಲಿಲ್ಲ, ತಾಟು ನೋಡಿದಳು.

“ಇನ್ನೊಂದ್ ಹಾಕ್ಲೇನು?”

“ಹಾಕ್ರಿ.”

ಹಾಕಿದಳು. ತಿಂದೆ. ಇನ್ನೂ ಆರು ಸಾಲು ಉಳಿದಿದ್ದವು, ಎಲ್ಲರೂ ಎದ್ದೆವು.